ಬೊಟ್ಟಿಟ್ಟರೆ ಬಂದ ಹಾಗೆ

ಆ ಊರಿನ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ಹೇಳಿದರೆ ನೀವು ಬುತ್ತಿ ಕಟ್ಟಿಕೊಂಡು ಹೊರಡುತ್ತೀರಿ, ಸಿಗದಿದ್ದರೆ ನನ್ನನ್ನು ಬೈಯುತ್ತೀರಿ. ಹಿಂದೊಮ್ಮೆ ಒಬ್ಬರು ಬಹಳ ಪೀಡಿಸಿದರು ಎಂದು ಬಾಯಿಗೆ ಬಂದ ಇನ್ನೊಂದು ಊರಿನ ಹೆಸರು ಹೇಳಿದ್ದೆ. ಅವರು ಅಲ್ಲಿಗೆ ಹೋಗಿಬಂದು, "ನೀವು ಹೇಳಿದ ಹಾಗೇ ಇತ್ತು" ಎಂದರು. ಅಂದಿನಿಂದ ನನ್ನ ಮಾತಿನ ಮೇಲೆ ನನಗೇ ಗೌರವ ಹೆಚ್ಚಾಗಿದೆ.

ಆ ಊರಿನಲ್ಲಿ ಪ್ರತಿ ಜಾಗಕ್ಕೂ ಒಂದು ಕಂಬ. ಬಾವಿಗೊಂದು ಕಂಬ, ಗಾಣಕ್ಕೊಂದು ಕಂಬ, ದರ್ಜಿಯ ಜಗಲಿಗೊಂದು, ಹುಣಿಸೆಮರದ ನೆರಳಿಗೊಂದು, ಸುಮ್ಮನೆ ಕೂರುವುದಕ್ಕೆಂದೇ ಇದ್ದ ಬಂಡೆಗೂ ಒಂದು. ಪ್ರತಿಯೊಬ್ಬರ ಸೊಂಟದಲ್ಲೂ ಒಂದು ಸುಣ್ಣದ ಡಬ್ಬಿ. ಎಲ್ಲಿಗೆ ಹೋದರೂ ಮೊದಲು ಬೆರಳನ್ನು ಸುಣ್ಣಕ್ಕೆ ಅದ್ದಬೇಕು, ಅಲ್ಲಿಯ ಕಂಬಕ್ಕೆ ಬೊಟ್ಟಿಡಬೇಕು. ಬೊಟ್ಟಿಟ್ಟರೆ ಬಂದ ಹಾಗೆ. ಬೊಟ್ಟಿಡದಿದ್ದರೆ ಬಾರದ ಹಾಗೆ. ಇಷ್ಟೇ ಆ ಊರಿನ ಕಟ್ಟಳೆ. ನನಗೆ ಗೊತ್ತಿದ್ದವನೊಬ್ಬ ಅವಸರದಲ್ಲಿ ಬೊಟ್ಟಿಡದೆ ಮದುವೆಮನೆಗೆ ನುಗ್ಗಿ, ಹೋಳಿಗೆಯ ಮೇಲೆ ಹೋಳಿಗೆ ತಿಂದು ತೇಗಿ ಬಂದ. ಮಾರನೆಯ ದಿನ ಬಡಿಸಿದವರೇ ಬೀದಿಯಲ್ಲಿ ನಿಲ್ಲಿಸಿ, "ಏನಪ್ಪಾ, ನಮ್ಮ ಮನೆ ಮದುವೆಗೆ ನೀನು ಬರಲೇ ಇಲ್ಲವಲ್ಲ" ಎಂದು ಬೇಜಾರು ಮಾಡಿಕೊಂಡರು. ಅವನೂ ಕೈಮುಗಿದು, "ತಪ್ಪಾಯ್ತು, ಮೈ ಸರಿಯಿರಲಿಲ್ಲ" ಎಂದ.

ನಗಬೇಡಿ. ಆ ಕಟ್ಟಳೆಯಲ್ಲಿ ಒಂದು ಚೆಲುವಿತ್ತು. ಬಂದವರು ಹೊರಡುವಾಗ ಆ ಜಾಗದವರು ತಮ್ಮ ಅರಿಸಿನದ ಬೆರಳನ್ನು ಅದೇ ಬೊಟ್ಟಿನ ಮೇಲೆ ಒತ್ತುತ್ತಿದ್ದರು. ಸುಣ್ಣಕ್ಕೆ ಅರಿಸಿನ ತಾಗಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕೆ? ಬಿಳಿ ಬೊಟ್ಟು ಕೆಂಪಾಗುತ್ತಿತ್ತು. ಬಿಳಿ ಎಂದರೆ, ನಾನು ಬಂದೆ. ಕೆಂಪು ಎಂದರೆ, ನೀನು ಬಂದದ್ದನ್ನು ನಾನು ಕಂಡೆ.

ಆಗ ನಾವು ಕಂಬಗಳನ್ನು ಮುಖಗಳ ಹಾಗೆ ಓದುತ್ತಿದ್ದೆವು. ಸೂಲಗಿತ್ತಿಯ ಬೊಟ್ಟು ಎಳೆ ಚಂದ್ರನ ಹಾಗೆ ಓರೆ. ದರ್ಜಿಯದು ಸಾಸಿವೆಯಷ್ಟು. ಗಾಣದವನದು ಎಣ್ಣೆ ಜಾರಿ ಬಾಲ ಬಿಟ್ಟ ಬೊಟ್ಟು. ಬಾವಿಕಟ್ಟೆಯ ಕಂಬ ನೋಡಿ, "ಓ, ಸೂಲಗಿತ್ತಿ ಇಲ್ಲೇ ಇದ್ದಾಳೆ, ಇನ್ನೂ ಬಿಳಿ ಇದೆ, ತಡಿ, ಮಾತಾಡಿಸಿಕೊಂಡೇ ಹೋಗೋಣ" ಎನ್ನುತ್ತಿದ್ದೆವು. ಕೆಂಪಾಗಿದ್ದರೆ, "ಛೆ, ಈಗಷ್ಟೇ ಹೋದಳು" ಎಂದು ಕೊಡ ಇಳಿಸಿ ನಿಟ್ಟುಸಿರು ಬಿಡುತ್ತಿದ್ದೆವು. ಆ ನಿಟ್ಟುಸಿರಿನ ಸುಖ ಈಗಿನವರಿಗೆ ಹೇಗೆ ತಿಳಿಸಲಿ?

ಕಟ್ಟಳೆಗೆ ಇನ್ನೊಂದು ಮಗ್ಗುಲಿತ್ತು. ಮುಂಗಾರಿನ ಮೊದಲ ಮಳೆ ಎಲ್ಲ ಕಂಬಗಳನ್ನೂ ತೊಳೆಯುತ್ತಿತ್ತು, ಎಲ್ಲರೂ ಮತ್ತೆ ಮೊದಲಿಂದ ಶುರು. ಆದರೆ ತೊಳೆಯಲು ಬಂದ ಮಳೆಗೆ ಹೊರಗಿನಿಂದ ಬಂದವರ ಒಂದು ಬೊಟ್ಟೂ ಸಿಗದ ಕಂಬವಿದ್ದರೆ, ಆ ಜಾಗದ ದಾರಿ ಊರಿಗೆ ಮರೆತುಹೋಗುತ್ತಿತ್ತು. ಜಾಗವೂ ಹೋಯಿತು, ಅಲ್ಲಿದ್ದವರೂ ಹೋದರು. ಗರಡಿಮನೆ ಹೋದದ್ದು ಹಾಗೆಯೇ. ಒಂದು ಬೆಳಿಗ್ಗೆ ನಾಲ್ಕಾರು ಜನ ಪೈಲ್ವಾನರು ಮೈಗೆ ಎಣ್ಣೆ ಹಚ್ಚಿಕೊಂಡು ಬೀದಿಯಲ್ಲಿ ನಿಂತು, ತಾವು ಎಲ್ಲಿಗೆ ಹೊರಟಿದ್ದೆವೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು.

ಇನ್ನು ಸುಣ್ಣಗಾರನ ವಿಷಯ. ಊರಾಚೆ ಗೂಡು ಹಾಕಿ, ಕಪ್ಪೆಚಿಪ್ಪು ಸುಟ್ಟು, ಊರಿನ ಡಬ್ಬಿಗಳಿಗೆಲ್ಲ ಸುಣ್ಣ ತುಂಬುವವನು ಅವನು. ನನ್ನ ಗೆಳೆಯ, ಅಥವಾ ನಾನು ಅವನಿಗೆ ಅಂಟಿಕೊಂಡಿದ್ದೆ, ಎರಡೂ ಒಂದೇ. ಅವನದೊಂದು ಕಷ್ಟವಿತ್ತು. ಅವನ ಮೈಯೇ ಸುಣ್ಣ. ಮುಟ್ಟಿದ್ದೆಲ್ಲ ಬಿಳಿ, ಒರಗಿದ್ದೆಲ್ಲ ಬಿಳಿ. ಹಾಗಾಗಿ ಅವನ ಬೊಟ್ಟು ಲೆಕ್ಕಕ್ಕಿಲ್ಲ ಎಂದು ಹಿರಿಯರು ಯಾವ ಕಾಲದಲ್ಲೋ ತೀರ್ಮಾನ ಮಾಡಿದ್ದರು. ಊರಿಗೆಲ್ಲ ಬಂದ ಗುರುತು ಕೊಟ್ಟವನು ಎಲ್ಲಿಗೂ ಬಾರದವನಾಗಿ ಬದುಕಿದ.

ಅವನ ಗೂಡಿನಿಂದ ಹೊಲಗಳ ಆಚೆ, ಚಾವಣಿ ಸೋರುವ ಹಳೆಯ ಕಲ್ಲುಮಂಟಪದಲ್ಲಿ ಹೂವಾಡಗಿತ್ತಿ ಕೂರುತ್ತಿದ್ದಳು. ಒಂಟಿ ಹೆಂಗಸು, ಬಾಯಿ ಜೋರು, ಬೆರಳು ಚುರುಕು. ಊರಿನವರನ್ನೆಲ್ಲ ಅಣ್ಣ, ಮಾವ, ತಮ್ಮ ಎನ್ನುತ್ತಿದ್ದಳು; ಸುಣ್ಣಗಾರನನ್ನು ಮಾತ್ರ ಏನೂ ಅನ್ನುತ್ತಿರಲಿಲ್ಲ. ಇದು ನನಗೆ ಕಂಡಿತ್ತು, ದರ್ಜಿಗೆ ಕಂಡಿತ್ತು, ಕುರುಡು ಅಜ್ಜನೊಬ್ಬನಿಗೂ ಕಂಡಿತ್ತು. ಸುಣ್ಣಗಾರನಿಗೆ ಕಾಣಲಿಲ್ಲ. ಅವನು ದಿನಾ ಅಲ್ಲಿಗೆ ಹೋಗುತ್ತಿದ್ದ, ಕಂಬವನ್ನು ನೋಡುತ್ತಿದ್ದ, ಎಷ್ಟು ಬೊಟ್ಟು ಬಿದ್ದಿದೆ ಎಂದು ಎಣಿಸುತ್ತಿದ್ದ, ಕಣ್ಣು ಕೆಳಗೆ ಹಾಕಿ ವಾಪಸು ಬರುತ್ತಿದ್ದ.

ಎಣಿಸಲು ಕಾರಣವಿತ್ತು. ಆ ಹೊತ್ತಿಗೆ ಊರಿನವರಿಗೆ ಬೊಟ್ಟಿಡುವುದು ಬೇಸರವಾಗತೊಡಗಿತ್ತು. ಡಬ್ಬಿಯಲ್ಲಿ ಸುಣ್ಣ ಒಣಗುತ್ತಿತ್ತು. "ಬಂದರೇನು, ಬಾರದಿದ್ದರೇನು" ಎಂದು ಜನ ಮನೆಯಲ್ಲೇ ಉಳಿಯುತ್ತಿದ್ದರು. ಹತ್ತಿರದ ಜಾಗಗಳು ಹೇಗೋ ನಡೆಯುತ್ತಿದ್ದವು. ದೂರದ ಮಂಟಪಕ್ಕೆ ಬರುವವರು ಇನ್ನೂ ಕಡಿಮೆ.

ಒಂದು ಬೇಸಗೆಯಲ್ಲಿ ಸುಣ್ಣಗಾರ ನನ್ನ ಹತ್ತಿರ ಬಂದು ಕೂತ. ಕೂತ ಕಡೆ ಬಿಳಿಯಾಯಿತು.

"ಈ ಸಲ ಮಂಟಪದ ಕಂಬಕ್ಕೆ ಒಂದೂ ಬೊಟ್ಟು ಬೀಳಲ್ಲ ಕಣೋ" ಎಂದ. "ಮಳೆ ಬಂದರೆ ಅವಳು ಹೋಗಿಬಿಡ್ತಾಳೆ. ನನಗೆ ದಾರಿ ಮರೆತುಹೋಗುತ್ತೆ."

"ದಾರಿ ಮರೆತರೆ ಒಳ್ಳೇದೇ ಅಲ್ವೇನೋ. ಬೇಜಾರೂ ಮರೆತುಹೋಗುತ್ತೆ."

"ತಮಾಷೆ ಸಾಕು. ಜನ ಬರೋ ಹಾಗೆ ಏನಾದರೂ ಹೇಳು."

ನಾನು ಹೇಳಿದೆನೋ ಅವನೇ ಕಂಡುಕೊಂಡನೋ, ಈ ವಿಷಯದಲ್ಲಿ ಊರಿನಲ್ಲಿ ಎರಡು ಕಥೆಗಳಿವೆ; ಒಳ್ಳೆಯದಾದ ಕಥೆಯಲ್ಲಿ ನಾನಿದ್ದೇನೆ. ಸುಣ್ಣಗಾರ ಕಂಬದಗೌಡರ ಬಳಿಗೆ ಹೋದ. ಕಂಬದಗೌಡರೆಂದರೆ ಊರಿನ ಕಂಬಗಳೆಲ್ಲದರ ಉಸ್ತುವಾರಿ ಹೊತ್ತವರು; ಲೆಕ್ಕ ನೋಡುವ ಕೈ ಬೊಟ್ಟಿಡಬಾರದೆಂದು ತಾವು ಎಲ್ಲೂ ಬೊಟ್ಟಿಡುತ್ತಿರಲಿಲ್ಲ. ಅವರೂ ಕಂಬದ ಹಾಗೇ ಇದ್ದರು. "ಗೌಡ್ರೇ, ತಪ್ಪದೆ ಬೊಟ್ಟಿಟ್ಟವರಿಗೆ ಒಂದು ನವಿಲುಗರಿ ಕೊಡೋಣ. ಒಂದು ಕಂಬದಲ್ಲಿ ಎಲ್ಲರಿಗಿಂತ ಹೆಚ್ಚು ಬೊಟ್ಟಿಟ್ಟವರನ್ನ ಆ ಜಾಗದ ಯಜಮಾನ ಅನ್ನೋಣ, ಪೇಟ ಕಟ್ಟೋಣ" ಎಂದ. ಗೌಡರು ಮೀಸೆ ತಿರುವಿ, "ಪೇಟ ನನ್ನದಕ್ಕಿಂತ ಚಿಕ್ಕದಿದ್ದರೆ ಆಗಬಹುದು" ಎಂದರು.

ನೋಡಿ, ಊರು ಎದ್ದಿತು! ಬಂದೆ, ಬೊಟ್ಟಿಟ್ಟೆ. ಬಂದೆ, ಬೊಟ್ಟಿಟ್ಟೆ. ಕೋಳಿ ಕೂಗುವ ಮೊದಲೇ ಬಾವಿಯ ಸುತ್ತ ಜನ, ನೀರಿಗಲ್ಲ, ಕಂಬಕ್ಕೆ. ಹುಣಿಸೆಮರದ ಯಜಮಾನ, ಬಂಡೆಯ ಯಜಮಾನ, ಬಾವಿಯ ಎರಡನೆಯ ಮೆಟ್ಟಿಲಿನ ಯಜಮಾನ. ಸೂಲಗಿತ್ತಿ ಗಾಣದ ಯಜಮಾನಿಯಾದಳು. ಅವಳು ಕೂದಲಿಗೆ ಎಣ್ಣೆ ಹಾಕಿದ್ದನ್ನು ಯಾರೂ ನೋಡಿದವರಿಲ್ಲ. ಮಂಟಪಕ್ಕೂ ಜನ ಸಾಲುಗಟ್ಟಿದರು. ಸುಣ್ಣಗಾರನ ಗೂಡು ಹಗಲೆಲ್ಲ ಉರಿಯಿತು. ಅವನು ಹೊಲದ ಬದುವಿನ ಮೇಲೆ ನಿಂತು, ದೂರದಲ್ಲಿ ಬೆಳ್ಳಗಾಗುತ್ತಿದ್ದ ಕಂಬವನ್ನು ನೋಡಿ ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಜನ ಹೆಚ್ಚಾದ ಮೇಲೆ ಕೆಂಪು ಬೊಟ್ಟಿಗೆ ಬಿಡುವಿಲ್ಲದಾಯಿತು. ಬಂದವರು ನಿಲ್ಲುತ್ತಿರಲಿಲ್ಲ, ಮುಂದಿನ ಕಂಬಕ್ಕೆ ಓಡಬೇಕಲ್ಲ. ಅರಿಸಿನದ ಬೆರಳು ಹಿಡಿದುಕೊಂಡು ಯಾರ ಹಿಂದೆ ಓಡುವುದು? ಇದರ ಮೇಲೆ ಎಣಿಸುವವರದೂ ಒಂದು ದೂರು: ಕೆಂಪು ಬಿಳಿ ಬೆರೆತರೆ ಲೆಕ್ಕ ತಪ್ಪುತ್ತದೆ. ಗೌಡರು ಕೇಳಿದರು, "ಏನಯ್ಯಾ ಸುಣ್ಣಗಾರ, ಕೆಂಪು ನಿಲ್ಲಿಸಿಬಿಡೋಣವೇ?"

ಸುಣ್ಣಗಾರ ಒಂದು ಗಳಿಗೆ ಮಂಟಪದ ಕಡೆ ನೋಡಿದ. ಬಿಳಿ ಇದ್ದರೆ ಜಾಗ ಉಳಿಯುತ್ತದೆ, ಕೆಂಪಿನಿಂದ ಆಗಬೇಕಾದ್ದೇನು ಎಂದುಕೊಂಡನೋ ಏನೋ. "ನಿಲ್ಲಿಸಿ" ಎಂದ.

ಆ ಸಂಜೆ ಹೂವಾಡಗಿತ್ತಿ ಅರಿಸಿನದ ಬಟ್ಟಲನ್ನು ತೊಳೆದು ಬೋರಲು ಹಾಕಿದಳು.

ಆಮೇಲೆ ಹೊಸದೊಂದು ಬಂತು. ಒಂದು ದಿನವೂ ತಪ್ಪಿಸದವರಿಗೆ ಗರಿಯ ಮೇಲೆ ಗರಿ. ಒಂದು ದಿನ ತಪ್ಪಿಸಿದರೂ ಇದ್ದ ಗರಿಯೆಲ್ಲ ವಾಪಸು. ದರ್ಜಿಗೆ ಜ್ವರ ಬಂತು. ಅವನ ಹೆಂಡತಿ ಅಣ್ಣತಮ್ಮಂದಿರನ್ನು ಕರೆಸಿ, ಮಂಚದ ಸಮೇತ ಅವನನ್ನು ಹೊರಿಸಿಕೊಂಡು ಹೊರಟಳು. ಬಾವಿಗೆ, ಗಾಣಕ್ಕೆ, ಮರಕ್ಕೆ, ಮಂಟಪಕ್ಕೆ. ನಡುಗುವ ಬೆರಳನ್ನು ಅವಳೇ ಹಿಡಿದು ಸುಣ್ಣಕ್ಕೆ ಅದ್ದಿ ಕಂಬಕ್ಕೆ ಒತ್ತಿದಳು. "ಇಲ್ಲೇ ಸ್ವಲ್ಪ ನೆರಳಲ್ಲಿ ಇಳಿಸಿ, ನೀರು ಕೊಡ್ತೀನಿ" ಎಂದು ಹೂವಾಡಗಿತ್ತಿ ಎದ್ದಳು. "ಪುರುಸೊತ್ತಿಲ್ಲಕ್ಕಾ, ಇನ್ನೂ ಬಂಡೆ ಬಾಕಿ ಇದೆ" ಎಂದು ಮಂಚ ಹೊರಟುಹೋಯಿತು. ಗರಿಗಳು ಮಂಚದ ಕಾಲಿಗೆ ಕಟ್ಟಿದ್ದವು, ಗಾಳಿಗೆ ಅಲ್ಲಾಡುತ್ತಿದ್ದವು.

ಮಂಟಪದವರೆಗೆ ನಡೆಯಲು ಸೋಮಾರಿಗಳಾದವರು ಉದ್ದ ಬಿದಿರಿನ ತುದಿಗೆ ಬಟ್ಟೆ ಸುತ್ತಿ, ಸುಣ್ಣಕ್ಕೆ ಅದ್ದಿ, ರಸ್ತೆಯಿಂದಲೇ ಬೊಟ್ಟಿಟ್ಟರು. ಕೆಲವರು ಒಬ್ಬನನ್ನು ಕಳಿಸಿ ಹತ್ತು ಮನೆಯ ಬೊಟ್ಟು ಇಡಿಸಿದರು. ಪೊರಕೆಯನ್ನು ಸುಣ್ಣದಲ್ಲಿ ಮುಳುಗಿಸಿ ಒಂದೇ ಏಟಿಗೆ ಸಾವಿರ ಬೊಟ್ಟು ಸಿಡಿಸಿದವನೂ ಒಬ್ಬನಿದ್ದ. ಅವನ ಹೆಸರು ಹೇಳಲು ನನಗೆ ಸಂಕೋಚ, ಏಕೆಂದರೆ ಅವನಿಗೆ ಆ ಪೇಟ ಬಹಳ ಒಪ್ಪುತ್ತಿತ್ತು.

ಮತ್ತೆ ಎಮ್ಮೆ. ಮಂಟಪದ ಕಂಬಕ್ಕೆ ಮೈ ಉಜ್ಜುವ ಚಾಳಿ ಇದ್ದ ಒಂದು ಮುದಿ ಎಮ್ಮೆಗೆ ಯಾರೋ ಮೈತುಂಬ ಸುಣ್ಣ ಬಳಿದರು. ಯಾರೆಂದು ಕೇಳಬೇಡಿ, ಆ ದಿನ ನಾನು ಊರಲ್ಲಿರಲಿಲ್ಲ, ಹಾಗೆಂದು ನನ್ನ ಬೊಟ್ಟುಗಳೇ ಸಾಕ್ಷಿ ಹೇಳುತ್ತವೆ. ಎಣಿಸಿದಾಗ ಎಮ್ಮೆಯೇ ಮುಂದು. ಕಟ್ಟಳೆ ಕಟ್ಟಳೆಯೇ. ಗೌಡರು ಗಂಭೀರವಾಗಿ ಬಂದು ಕೊಂಬಿಗೆ ಪೇಟ ಕಟ್ಟಿದರು. ಅಧಿಕಾರದಲ್ಲಿ ಅಷ್ಟು ಸಮಾಧಾನವಾಗಿದ್ದ ಇನ್ನೊಬ್ಬ ಯಜಮಾನರನ್ನು ನಾನು ಕಂಡಿಲ್ಲ.

"ಏನಪ್ಪಾ" ಎಂದಳು ಹೂವಾಡಗಿತ್ತಿ ನನ್ನನ್ನು ಕಂಡು, "ನಿನ್ನ ಪೇಟ ಕಿತ್ತುಕೊಂಡಳಲ್ಲ ಇವಳು?"

"ಅವಳಾದರೂ ನಿನ್ನ ಹತ್ತಿರ ನಿಂತುಕೊಳ್ತಾಳಲ್ಲಮ್ಮ" ಎಂದೆ.

"ಹೂಂ. ಊರಿಗೂರೇ ಬರುತ್ತೆ. ಇವಳೊಬ್ಬಳೇ ನಿಲ್ಲೋದು." ಅವಳು ಬುಟ್ಟಿಯಲ್ಲಿ ಬಾಡಿದ ಹೂವನ್ನು ಎಮ್ಮೆಯ ಮುಂದೆ ಸುರಿದಳು. ಬೆಳಿಗ್ಗೆ ತುಂಬಿದ ಬುಟ್ಟಿ ಸಂಜೆಗೂ ಹಾಗೇ ತುಂಬಿರುತ್ತಿತ್ತು. ಆ ಬೇಸಗೆ ಅಷ್ಟು ಜನ ಬಂದರಲ್ಲ, ಒಂದು ಮೊಳ ಹೂ ಕೊಂಡವರಿಲ್ಲ. ಕಂಬದ ಕಡೆ ನೋಡಿದರು, ಅವಳ ಕಡೆ ಯಾರೂ ನೋಡಲಿಲ್ಲ.

ಎಮ್ಮೆ ಯಜಮಾನಿಯಾದ ಮೇಲೆ ಪೇಟದ ಮೇಲಿನ ಆಸೆ ಇಳಿಯಿತು. ಅತ್ತ ಕಾಡಿನ ನವಿಲುಗಳು ಬೋಳಾಗಿ, ನಾಚಿಕೊಂಡು ಪೊದೆ ಬಿಟ್ಟು ಈಚೆ ಬರದಾದವು. ಗರಿಯ ಬದಲು ಕೋಳಿಪುಕ್ಕ ಕೊಟ್ಟರು. ಜನ ಮೂಗು ಮುರಿದರು. ಎಲ್ಲರೂ ಯಜಮಾನರಾದ ಊರಿನಲ್ಲಿ ಯಜಮಾನರೇ ಎಂದು ಕರೆದರೆ ಯಾರೂ ತಿರುಗಿ ನೋಡಲಿಲ್ಲ. ಒಬ್ಬನಿಗೆ ಒಂದು ದಿನ ತಪ್ಪಿತು, ಗರಿಯೆಲ್ಲ ಹೋಯಿತು; ಅವನು ಅಳುತ್ತಾನೆ ಎಂದುಕೊಂಡರೆ ಜಗಲಿಯ ಮೇಲೆ ಕಾಲು ಚಾಚಿ, "ಅಬ್ಬಾ" ಎಂದ. ಆ ಅಬ್ಬಾ ಮನೆಯಿಂದ ಮನೆಗೆ ಹರಡಿತು. ಸೊಂಟದ ಡಬ್ಬಿಗಳು ಗೋಡೆಯ ಗೂಡುಗಳನ್ನು ಸೇರಿದವು.

ಬೇಸಗೆಯ ಮೊದಲಿಗಿದ್ದ ಸಣ್ಣ ಬೇಸರ ಈಗ ದೊಡ್ಡ ಅಸಹ್ಯವಾಗಿತ್ತು. ಗೌಡರು ಸಿಟ್ಟಿನಲ್ಲಿ ಆಳುಗಳನ್ನು ಕಳಿಸಿ, ಬಿದಿರಿನದು, ಪೊರಕೆಯದು, ಎಮ್ಮೆಯದು, ಯಾವುದು ಯಾರದೆಂದು ತಿಳಿಯದೆ ಮಂಟಪದ ಕಂಬವನ್ನು ಪೂರ್ತಿ ಕೆರೆಸಿಬಿಟ್ಟರು. "ನಿಜವಾಗಿ ಬರುವವರು ಮತ್ತೆ ಬರಲಿ" ಎಂದು ಡಂಗುರ ಹೊಡೆಸಿದರು. ಯಾರೂ ಬರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟಿತು.

ಸುಣ್ಣಗಾರ ಬೀದಿ ಬೀದಿ ಅಲೆದ. "ಒಂದು ಬೊಟ್ಟು, ಒಬ್ಬರಾದರೂ ಬನ್ನಿ. ಮಹಾಯಜಮಾನ ಅಂತೀನಿ, ಜರಿಪೇಟ ಕೊಡ್ತೀನಿ." ಬಾಗಿಲುಗಳು ಮೆಲ್ಲಗೆ ಮುಚ್ಚಿಕೊಂಡವು. ಸೂಲಗಿತ್ತಿ ಮಾತ್ರ ಹೊಸಿಲಲ್ಲಿ ನಿಂತು, "ಮಗಾ, ಹೂವು ಬೇಕು ಅಂತ ನಾನು ಅಲ್ಲಿಗೆ ಹೋಗ್ತಿದ್ದ ಕಾಲ ಒಂದಿತ್ತು. ನೀನು ಗರಿ ಕೊಟ್ಟೆ ನೋಡು, ಹೂವು ಮರೆತೇ ಹೋಯ್ತು" ಎಂದಳು.

ನಾನು ನನ್ನ ಡಬ್ಬಿ ತೆಗೆದೆ. "ನಡಿ, ನಾನೇ ಇಡ್ತೀನಿ." ಪೊರಕೆಯ ಪ್ರಸಂಗದ ಮೇಲೆ ನನ್ನ ಬೊಟ್ಟನ್ನೂ ಲೆಕ್ಕದಿಂದ ತೆಗೆದಿದ್ದರು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೂ ಹೋದೆವು. ಅವನ ತಲೆಯ ಮೇಲೆ ಜರಿಪೇಟಗಳ ಗಂಟು, ನನ್ನ ಕಂಕುಳಲ್ಲಿ ಕೊಡೆ.

ಮಂಟಪದಲ್ಲಿ ಕಂಬದಗೌಡರು ಆಗಲೇ ನಿಂತಿದ್ದರು. ಒಳ್ಳೆಯ ಮನುಷ್ಯರೇ, ಎಚ್ಚರಿಸಲು ಬಂದಿದ್ದರು.

"ಮೋಡ ನೋಡಮ್ಮ. ಕಂಬ ಬರಿದು. ಬುಟ್ಟಿ ಎತ್ತಿಕೊಂಡು ಊರೊಳಗೆ ಬಾ. ದರ್ಜಿಯ ಜಗಲಿಯ ಪಕ್ಕ ಜಾಗ ಕೊಡಿಸ್ತೀನಿ. ಅಲ್ಲಿ ಕಂಬವೂ ಇದೆ, ಜನವೂ ಇದ್ದಾರೆ."

"ನಾನು ಬರಲ್ಲ ಗೌಡ್ರಣ್ಣ."

"ಹಟ ಯಾಕೆ? ಇಲ್ಲೇನಿದೆ? ನಾಲ್ಕು ಕಲ್ಲು."

ಹೂವಾಡಗಿತ್ತಿ ಹಲ್ಲಿನಿಂದ ದಾರ ಕಡಿದಳು. "ಊರೊಳಗಿಂದ ಗೂಡಿನ ಹೊಗೆ ಕಾಣಲ್ಲ" ಎಂದಳು.

ಗೌಡರಿಗೆ ಅರ್ಥವಾಗಲಿಲ್ಲ. ನಾನು ಸುಣ್ಣಗಾರನನ್ನು ನೋಡಿದೆ. ಅವನು ಕಂಬವನ್ನು ನೋಡುತ್ತಿದ್ದ. ಅಭ್ಯಾಸ ನೋಡಿ, ಬರಿದಾದ ಕಂಬವನ್ನೂ ಎಣಿಸುತ್ತಿದ್ದ.

"ಅಲ್ಲಿ ಏನು ನೋಡ್ತಿದ್ದೀರಿ?" ಎಂದಳು ಅವಳು. ಅಣ್ಣ ಇಲ್ಲ, ಮಾವ ಇಲ್ಲ. "ಇಷ್ಟು ಕಾಲ ಅದನ್ನೇ ನೋಡಿದ್ದು ಸಾಕಾಗಿಲ್ವಾ? ನನ್ನ ಜಾಗ ಉಳಿಸಬೇಕು ಅಂತ ಊರನ್ನೇ ಓಡಿಸಿಕೊಂಡು ಬಂದ್ರಿ. ಮಂಚದ ಮೇಲಿನ ರೋಗಿ ಬಂದ, ಎಮ್ಮೆ ಬಂತು. ಬಂದ ಯಾರನ್ನೂ ನಾನು ಬಾ ಅಂದಿರಲಿಲ್ಲ. ದಿನಾ ಕಂಬದವರೆಗೆ ಬಂದು ವಾಪಸು ಹೋಗೋರು ಒಬ್ಬರಿದ್ದರು. ಅವರು ಒಂದು ದಿನ ಕೂರಲಿಲ್ಲ."

ಸುಣ್ಣಗಾರ ತನ್ನ ಬಿಳಿ ಅಂಗೈ ನೋಡಿಕೊಂಡ. "ನನ್ನ ಬೊಟ್ಟು ಲೆಕ್ಕಕ್ಕಿಲ್ಲವಲ್ಲ" ಎಂದ.

"ಬೊಟ್ಟು ಯಾರು ಕೇಳಿದರು?"

ಗುಡುಗಿತು. ಗೌಡರು ಚಡಪಡಿಸಿದರು. "ಇವನು ಕೂತರೂ ಜಾಗ ಉಳಿಯಲ್ಲಮ್ಮ! ಕಟ್ಟಳೆ ಪ್ರಕಾರ ಇವನು ಬಂದ ಹಾಗೇ ಅಲ್ಲ. ಏಯ್ ಸುಣ್ಣಗಾರ, ಇಲ್ಲಿದ್ದರೆ ನೀನೂ ಹೋಗ್ತೀಯ. ಊರಿಗೆ ಸುಣ್ಣ ಯಾರು ಸುಡ್ತಾರೆ? ಬಾ ಈಚೆ!"

ಸುಣ್ಣಗಾರ ತಲೆಯ ಮೇಲಿನ ಗಂಟನ್ನು ಇಳಿಸಿದ. ಜರಿಪೇಟಗಳು ಮೆಟ್ಟಿಲ ಮೇಲೆ ಉರುಳಿದವು. "ಬಂದ ಹಾಗೆ ಆಗದಿದ್ದರೆ ಬೇಡ ಗೌಡ್ರೇ" ಎಂದ. "ನಾನು ಹೋಗಲ್ಲ, ಅಷ್ಟೇ."

ಹೂವಾಡಗಿತ್ತಿ ಬುಟ್ಟಿಯನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಸರಿಸಿದಳು. ಒಬ್ಬರು ಕೂರುವಷ್ಟು ಕಲ್ಲು ಖಾಲಿಯಾಯಿತು.

ಮೊದಲ ಹನಿ ಬಿತ್ತು. ಗೌಡರು ಪಂಚೆ ಎತ್ತಿಕಟ್ಟಿ ಓಡಿದರು. ನಾನೂ ಓಡಿದೆ, ಧೈರ್ಯದ ಕಥೆ ಬೇಕಿದ್ದರೆ ಬೇರೆಯವರನ್ನು ಕೇಳಿ, ನನಗೂ ಮನೆಯಿತ್ತು. ಹೊಲದ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಮಳೆಯ ಪರದೆಯ ಹಿಂದೆ ಇಬ್ಬರು ಕೂತಿದ್ದರು. ಅವನ ಹೆಗಲಿನಿಂದ ಸುಣ್ಣ ಇಳಿದು ಹರಿಯುತ್ತಿತ್ತು.

ಬೆಳಿಗ್ಗೆ ದಾರಿ ಮರೆತುಹೋಗಿತ್ತು.

ಮಳೆ ಕಂಬಗಳನ್ನು ತೊಳೆದ ಮೇಲೆ ಡಬ್ಬಿಗಳು ಹೇಗೋ ಮತ್ತೆ ಸೊಂಟಕ್ಕೆ ಬಂದಿದ್ದವು; ಸುಣ್ಣಗಾರನಿಲ್ಲವೆಂದು ಊರಿನವರಿಗೆ ಮೊದಲು ತಿಳಿದದ್ದು ಸುಣ್ಣ ಮುಗಿದಾಗ. ಡಬ್ಬಿಗಳನ್ನು ಕೆರೆದರು, ಗೋಡೆಗಳನ್ನು ಕೆರೆದರು, ಕಂಬದ ಹಳೆಯ ಬೊಟ್ಟುಗಳನ್ನೂ ಕೆರೆದರು, ಅದೂ ಮುಗಿಯಿತು. ಗೂಡು ಹೇಗೆ ಉರಿಸುವುದೆಂದು ಯಾರಿಗೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ಕಂಬದ ಮುಂದೆ ನಿಂತು ಜನ ಕಳ್ಳರ ಹಾಗೆ ಅತ್ತಿತ್ತ ನೋಡಿದರು. ದರ್ಜಿಯ ಜಗಲಿಯಲ್ಲಿ ಸೂಲಗಿತ್ತಿ ಹಾಗೆ ನಿಂತಿದ್ದಾಗ ದರ್ಜಿ ಸೂಜಿಯಿಂದ ತಲೆ ಎತ್ತಿ, ಬಹಳ ಹೊತ್ತು ನೋಡಿ, "ಬಂದ್ಯಾ?" ಎಂದ.

"ಬಂದೆ" ಎಂದಳು.

ಅಷ್ಟೇ. ಅಂದಿನಿಂದ ಆ ಊರು ಅಷ್ಟರಲ್ಲೇ ನಡೆಯಿತು. ಮುಂದಿನ ಮಳೆಯಲ್ಲಿ ಯಾವ ಕಂಬದ ಮೇಲೂ ಬೊಟ್ಟಿರಲಿಲ್ಲ, ಊರೇ ಮಾಯವಾಗುತ್ತದೆಂದು ಗೌಡರು ಗಂಟುಮೂಟೆ ಕಟ್ಟಿ ಕೂತಿದ್ದರು. ಬೆಳಿಗ್ಗೆ ಎದ್ದರೆ ಎಲ್ಲವೂ ಇದ್ದಲ್ಲೇ ಇತ್ತು. ಅವರಿಗೆ ಸ್ವಲ್ಪ ಅವಮಾನವಾಯಿತು ಎಂದು ಕೇಳಿದ್ದೇನೆ.

ಈಗಲೂ ಕೆಲವು ಸಂಜೆ ನಾನು ಹೊಲದ ತಿರುವಿನವರೆಗೆ ಹೋಗುತ್ತೇನೆ. ಅಲ್ಲಿಂದ ಮುಂದೆ ಎಲ್ಲಿಗೆಂದು ಕಾಲಿಗೆ ಗೊತ್ತಾಗುವುದಿಲ್ಲ. ನಿಂತಿರುತ್ತೇನೆ. ಕಂಬಗಳು ಮುಖಗಳಂತಿದ್ದ ಕಾಲ ನೆನಪಾಗುತ್ತದೆ. ಗಾಳಿ ಇತ್ತ ತಿರುಗಿದ ದಿನ ಎರಡು ದನಿ ಕೇಳಿಸುತ್ತವೆ. ನಂಬಬೇಕೆಂದು ಬಲವಂತವಿಲ್ಲ, ಇಡೀ ಕಥೆಯಲ್ಲಿ ಇದೊಂದು ಮಾತ್ರ ನಾನು ಕಟ್ಟಿದ್ದಲ್ಲ.

"ಇಷ್ಟು ಬಿಗಿಯಾಗಿ ಗಂಟು ಹಾಕಿದರೆ ಹೂವಿಗೆ ಉಸಿರು ಬೇಡವಾ?"

"ಸಡಿಲ ಬಿಟ್ಟರೆ ಉದುರಿ ಹೋಗ್ತಾವೆ ಅಂತ."

"ಎಲ್ಲಿಗೆ ಹೋಗ್ತಾವೆ? ನಿಧಾನವಾಗಿ ಕಟ್ಟಿ."